ನೆಂಟರ ಕಲ್ಲಿದ್ದಲು

“ಏಯ್ ಮಸಿಯಪ್ಪ! ಅರ್ಧಕ್ಕೇ ಸ್ಕೂಲು ಬಿಟ್ಟೋನು ನಮಗೆ ಪಾಠ ಹೇಳ್ತೀಯೇನೋ? ಆರಿಸೋದು ನಿನ್ನ ಕೆಲಸ. ಆರಿಸು, ಬಾಯಿ ಮುಚ್ಚು!”

ಮ್ಯಾನೇಜರ್ ಕೂಗಿದ್ದು ಹನ್ನೆರಡು ಕೆಲಸಗಾರರ ಮುಂದೆ, ಸಂಶೋಧಕಿಯ ಮುಂದೆ. ಒಂದಿಬ್ಬರು ಕಿಸಕ್ಕನೆ ನಕ್ಕರು. ಕಲ್ಲಿದ್ದಲು ಆರಿಸುವ ಆ ಹುಡುಗ ಕೇಳಿದ್ದು ಇಷ್ಟೇ: “ಪರೀಕ್ಷೆ ದಿನ ಮಾತ್ರ ಒಳ್ಳೇ ಮಾಲು ಯಾಕೆ ಸಾರ್?”

ಹೊಗೆ ಕಡಿಮೆ ಉಗುಳುವ ಹೊಸ ಕುಲುಮೆಯ ಕುರಿತ ಆಕೆಯ ಸಂಶೋಧನೆಗೆ ಕಲ್ಲಿದ್ದಲು ಕಂಪನಿಯೇ ದುಡ್ಡು ಹಾಕುತ್ತಿತ್ತು. ಪರೀಕ್ಷೆ ಇದ್ದಾಗಲೆಲ್ಲ ಹುಡುಗ ಸುತ್ತಿಗೆ ಹಿಡಿದು ರಾಶಿಯ ಮುಂದೆ ಕೂರುತ್ತಿದ್ದ. ಕಲ್ಲಿಲ್ಲದ, ಮಿರಮಿರ ಮಿಂಚುವ ತುಂಡುಗಳನ್ನು ಆರಿಸಿ, ತೊಳೆದು ಒಣಗಿಸುತ್ತಿದ್ದ. ಅಂಗೈಯಲ್ಲಿಟ್ಟು ತೂಗಿದರೆ ಸಾಕು, ಬೂದಿ ಎಷ್ಟು ಬಿದ್ದೀತೆಂದು ಹೇಳಬಲ್ಲವನು. ಅವನು ಆರಿಸಿದ ಮಾಲಿಗೆ ಕೆಲಸಗಾರರು ಇಟ್ಟ ಹೆಸರು ‘ನೆಂಟರ ಕಲ್ಲಿದ್ದಲು’. ದೊಡ್ಡ ಕುಲುಮೆಗಳಿಗೆ ದಿನಾ ಬೀಳುತ್ತಿದ್ದದ್ದು ಮಣ್ಣು ಬೆರೆತ ಕಳಪೆ ಮಾಲು.

ತನ್ನ ಕೈಚಳಕದ ಬಗ್ಗೆ ಅವನಿಗೆ ಜಂಬವಿತ್ತು, ಇವತ್ತು ಬೆಳಿಗ್ಗೆಯವರೆಗೂ. ಇವತ್ತಿನ ಕೊನೆಯ ಪರೀಕ್ಷೆ ಗೆದ್ದರೆ ದೊಡ್ಡ ಚಿಮಣಿಗೂ ಇದೇ ಕುಲುಮೆ ಬರುತ್ತದೆ, ಹೊಗೆ ಸೋಸುವ ಫಿಲ್ಟರ್ ಬೇಕಿಲ್ಲ ಎಂಬ ಸುದ್ದಿ ಮನೆಗೂ ಮುಟ್ಟಿತ್ತು. ಆ ಚಿಮಣಿಯ ನೆರಳಿನಲ್ಲೇ ಅವರ ಮನೆ. ಬೆಳಿಗ್ಗೆ ಅಕ್ಕ ತೊಟ್ಟಿಲ ಬಟ್ಟೆ ಒದರಿದ್ದಳು. ಕಪ್ಪು ಪುಡಿ ಉದುರಿತು. ಅವಳ ಹೆಣ್ಣು ಕೂಸು ಕೆಮ್ಮಿತು.

“ನೆಂಟರಿಗೆ ಆರಿಸಿ ಬಡಿಸ್ತೀಯ. ನಿನ್ನ ಸೊಸೆಗೆ ಮಾತ್ರ ಮಸಿ ಏನೋ?” ಎಂದಿದ್ದಳು.

ಈಗ ಅವನು ಎದ್ದ. ಎರಡು ಬುಟ್ಟಿಗಳನ್ನು ತಂದು ಸಂಶೋಧಕಿಯ ಕಾಲ ಬಳಿ ದಡಾರನೆ ಇಟ್ಟ. “ಮೇಡಂ, ಇದು ನಾನು ಆರಿಸಿದ್ದು. ಇದು ನಾವು ದಿನಾ ಉರಿಸೋದು. ನೀವೇ ಕೈಗೆ ತಗೊಂಡು ನೋಡಿ.”

“ಮೇಡಂ, ಯೋಚನೆ ಮಾಡಿ,” ಮ್ಯಾನೇಜರ್ ದನಿ ತಗ್ಗಿತು. “ಕಂಪನಿ ಕೈ ಬಿಟ್ರೆ ನಿಮ್ಮ ಮೂರು ವರ್ಷದ ದುಡಿಮೆ ಮಣ್ಣುಪಾಲು. ಇವರೆಲ್ಲರ ಅನ್ನಾನೂ ಹೋಗುತ್ತೆ.”

ಅದು ಸುಳ್ಳೇನಲ್ಲ. ನಕ್ಕವರ ಮುಖವೂ ಸಪ್ಪಗಾಯಿತು.

ಆಕೆ ಎರಡೂ ಬುಟ್ಟಿಗೆ ಕೈ ಹಾಕಿ ನೋಡಿದಳು. ಒಂದರಲ್ಲಿ ಬೆರಳಿಗೆ ಮಣ್ಣು ಮೆತ್ತಿತು. ಆ ಬೆರಳನ್ನು ಮ್ಯಾನೇಜರ್ ಕಡೆ ಎತ್ತಿ ಹಿಡಿದಳು. “ನನ್ನ ಕುಲುಮೆ ಸುಳ್ಳು ಹೇಳಲ್ಲ. ಅದರ ಬಾಯಿಗೆ ನಾವು ಸುಳ್ಳು ತುರುಕ್ತಾ ಇದ್ವಿ,” ಎಂದಳು. “ದಿನದ ಮಾಲೇ ಹಾಕಪ್ಪ.”

ಅವನು ಹಾಕಿದ. ಹೊಗೆ ಅಳೆಯುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ನಿಂತಿತು. ಆಕೆ ಅದನ್ನೇ ಬರೆದು ಸಹಿ ಹಾಕಿದಳು. ಮೊದಲು ನಕ್ಕವನೇ ಮೊದಲು ಸಿಳ್ಳೆ ಹೊಡೆದ.

ಕಂಪನಿ ಎರಡು ತಿಂಗಳು ಗುರುಗುಟ್ಟಿತು. ಸಹಿಯಾದ ಕಾಗದವನ್ನು ನುಂಗಲಾಗಲಿಲ್ಲ. ಸಂಶೋಧನೆ ಮುಂದುವರಿಯಿತು, ಕಳಪೆ ಮಾಲಿನ ಮೇಲೆಯೇ. ದೊಡ್ಡ ಚಿಮಣಿಗೆ ಫಿಲ್ಟರ್ ಬಂತು. ಅಕ್ಕ ಒದರಿದ ಬಟ್ಟೆಯಿಂದ ಏನೂ ಉದುರದ ದಿನ, ಅವಳೇ ಅದನ್ನು ಬಾವುಟದಂತೆ ಬೀಸಿದಳು.

ಅದೇ ವಾರ ಫಿಲ್ಟರ್ ನೋಡಲು ಅತಿಥಿಗಳು ಬಂದರು. ಅವರೆದುರು ಮ್ಯಾನೇಜರ್ ಹುಡುಗನ ಹೆಗಲ ಮೇಲೆ ಕೈ ಹಾಕಿ ಹಲ್ಲು ಕಿರಿದ. “ನಮ್ಮ ಹುಡುಗ! ಬೆನ್ನು ತಟ್ಟಿ ಧೈರ್ಯ ತುಂಬಿದ್ದೇ ನಾನು. ಅಲ್ವೇನಪ್ಪಾ?”

ಹನ್ನೆರಡೂ ಜನ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಆ ಕೈಯನ್ನು ಮೆಲ್ಲಗೆ ಇಳಿಸಿದ. ಸುತ್ತಿಗೆ ಎತ್ತಿಕೊಂಡು ದಿನದ ಮಾಲಿನ ರಾಶಿಯ ಕಡೆ ನಡೆದ.