ಸಂಜೆ ಆರರ ಸುದ್ದಿ

ನಾನು ಒಂದು ಮೈಕು. ಹಾಡುವವರ ಕೈಯಲ್ಲಿರುವ ಜಾತಿಯದಲ್ಲ, ಸುದ್ದಿಯವರ ಕೈಯಲ್ಲಿರುವ ಜಾತಿಯದು. ದೆಹಲಿ ಕಡೆಯ ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ, ನನ್ನಂಥ ಇನ್ನೂರು ಮೈಕುಗಳ ನಡುವೆ ಹುಟ್ಟಿದೆ. ಹೆಂಗಸೊಬ್ಬಳು ನನ್ನ ತಲೆಗೆ ಜಾಲರಿ ಕೂರಿಸಿದಳು, ಒಮ್ಮೆ ಊದಿ ನೋಡಿದಳು, ಪೆಟ್ಟಿಗೆಗೆ ಹಾಕಿದಳು. ಬೆಂಗಳೂರಿನಲ್ಲಿ ನನ್ನ ಕುತ್ತಿಗೆಗೆ ಕೆಂಪು ಡಬ್ಬಿಯೊಂದನ್ನು ತೊಡಿಸಿದರು. ಅದರ ನಾಲ್ಕೂ ಮಗ್ಗುಲಿಗೆ ಚಾನೆಲ್ಲಿನ ಹೆಸರು. ಜನ ನನ್ನನ್ನು ನೋಡುವುದೇ ಇಲ್ಲ, ಆ ಡಬ್ಬಿಯನ್ನು ನೋಡುತ್ತಾರೆ ಎಂದು ಆಮೇಲೆ ತಿಳಿಯಿತು.

ಗದಗಿನಲ್ಲಿ ನನ್ನ ಮೊದಲ ಯಜಮಾನರು ಮುತ್ತಣ್ಣ ಹೂಗಾರ. ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ಸವೆದು ಟಿವಿಗೆ ಬಂದವರು. ಸಾವಿನ ಮನೆಗೆ ಹೋದರೆ ನನ್ನನ್ನು ಚೀಲದಿಂದ ಹೊರಗೇ ತೆಗೆಯುತ್ತಿರಲಿಲ್ಲ. "ಮೊದ್ಲ ಒಂದೀಟು ನೀರು ಕುಡೀರಿ, ಆಮ್ಯಾಲೆ ಮಾತಾಡೂಣಂತ" ಎನ್ನುತ್ತಿದ್ದರು. ಆ ಮನೆಯವರು ನೀರು ಕುಡಿಯುವಷ್ಟರಲ್ಲಿ ಬೇರೆ ಚಾನೆಲ್ಲುಗಳಲ್ಲಿ ಸುದ್ದಿ ಬಂದು ಹೋಗಿರುತ್ತಿತ್ತು. ಚಾನೆಲ್ಲಿನ ಮೇಲಿನವರು ಮೂರು ವರ್ಷ ತಾಳಿಕೊಂಡು ಒಂದು ದಿನ ಸಾಕು ಎಂದರು. ಹೂಗಾರರು ಕರವಸ್ತ್ರದಿಂದ ನನ್ನನ್ನು ಒರೆಸಿ ಮೇಜಿನ ಮೇಲಿಟ್ಟು ಹೋದರು.

ಆಮೇಲೆ ನಾನು ರೇಣುಕಾ ಕಟ್ಟಿಮನಿಯ ಕೈಗೆ ಬಂದೆ. ಎರಡು ಜಿಲ್ಲೆಗೆ ಅವಳೊಬ್ಬಳೇ ವರದಿಗಾರ್ತಿ. ಬೆಳಿಗ್ಗೆ ಮಗಳ ಊಟದ ಡಬ್ಬಿಯ ಪಕ್ಕ ನನ್ನನ್ನು ಚೀಲಕ್ಕೆ ತುರುಕಿ, ಮಗಳನ್ನು ಶಾಲೆಗೆ ಬಿಟ್ಟು ಬಸ್ಸು ಹಿಡಿಯುತ್ತಿದ್ದಳು. ಕೆಲವು ದಿನ ಊಟದ ಡಬ್ಬಿ ಚೀಲದಲ್ಲೇ ಉಳಿದುಬಿಡುತ್ತಿತ್ತು. ಅರ್ಧ ದಾರಿಯಲ್ಲಿ ಅದನ್ನು ಕಂಡು ಅವಳು ಬಿಡುತ್ತಿದ್ದ ಉಸಿರು ನನಗೆ ಮಾತ್ರ ಕೇಳುತ್ತಿತ್ತು.

ಸುದ್ದಿಯವರಲ್ಲಿ ಒಂದು ರೂಢಿಯಿದೆ. ತಮಗೆ ಹೋಗಲಾಗದ ಕಡೆಗೆ ಮೈಕನ್ನು ಇನ್ನೊಬ್ಬರ ಕೈಯಲ್ಲಿ ಕಳಿಸುತ್ತಾರೆ. ಹೋದವನು ಎಲ್ಲ ಮೈಕುಗಳಿಗೂ ರಬ್ಬರ್ ಬ್ಯಾಂಡ್ ಹಾಕಿ ಒಂದೇ ಕಟ್ಟು ಮಾಡಿ ಹಿಡಿಯುತ್ತಾನೆ. ಧ್ವನಿ ಹೋಗುವುದು ಒಂದರಿಂದ ಮಾತ್ರ. ಉಳಿದವುಗಳ ತಂತಿ ಎಲ್ಲಿಗೂ ಸೇರಿರುವುದಿಲ್ಲ. ಪರದೆಯ ಮೇಲೆ ಚಾನೆಲ್ಲಿನ ಡಬ್ಬಿ ಕಂಡರಾಯಿತು.

ಒಂದು ದಿನ ರೇಣುಕಾಳಿಗೆ ಮಂತ್ರಿಗಳ ಕಾರ್ಯಕ್ರಮ. ಅರವತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಬಿಸಿಯೂಟ ಉಂಡ ಶಾಲೆಯ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದಾರೆಂದು ಫೋನ್ ಬಂತು. ಹಳ್ಳಿಯ ಹೆಸರು ಬೇಡ, ಟಿವಿಯಲ್ಲಿ ಬೇಕಾದಷ್ಟು ಬಂದಿದೆ. ಆಗಲೇ ಐದು ಚಾನೆಲ್ಲುಗಳ ಮೈಕು ಹಿಡಿದು ಅಲ್ಲಿಗೆ ಹೊರಟಿದ್ದ ಕ್ಯಾಮೆರಾದ ದಾವಲನ ಕೈಗೆ ಅವಳು ನನ್ನನ್ನು ಕೊಟ್ಟಳು.

"ಕೊಡ್ರಿ ಅಕ್ಕಾರ, ಐದರ ಜೋಡಿ ಆರು" ಎಂದು ದಾವಲ ನಕ್ಕ. "ಕೈಯಾಗ ಹೂವಿನ ಗುಚ್ಛ ಹಿಡ್ದಂಗ ಕಾಣತೈತಿ. ಮದಿವಿ ಒಂದು ಆಗಿಲ್ಲ ನೋಡ್ರಿ."

ಶಾಲೆಯ ಅಂಗಳದಲ್ಲಿ ಅಡುಗೆಯ ಗಿರಿಜವ್ವ ನಿಂತಿದ್ದಳು. "ಅನ್ನ ನಾನ ಮಾಡೀನ್ರಿ, ಹೌದು" ಎಂದಳು. ಅಷ್ಟರಲ್ಲಿ ಗೇಟಿನೊಳಗೆ ಅಧಿಕಾರಿಗಳ ಜೀಪು ಬಂತು. ದಾವಲ ಕ್ಯಾಮೆರಾ ನಿಲ್ಲಿಸಿ ಅತ್ತ ತಿರುಗಿದ. ಗಿರಿಜವ್ವ ಮಾತ್ರ ನಮ್ಮ ಕಡೆಗೇ ಬಾಗಿ ಹೇಳುತ್ತಿದ್ದಳು: "ಖರೆ, ಅನ್ನದಾಗ ಏನಿಲ್ರಿ. ಟಾಕಿ ನೀರು ವಾಸನಿ ಹೊಡ್ಯಾಕತ್ತೈತಿ ಅಂತ ಮೂರು ದಿನದಿಂದ ಹೇಳಾಕತ್ತೀನಿ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ರಿ ಯಪ್ಪಾ."

ಕೇಳಿದ್ದು ನಾವು ಆರು ಮೈಕುಗಳು ಮಾತ್ರ.

ದಾವಲ ಕಳಿಸಿದ, 'ಹೌದು' ಎಂಬಲ್ಲಿಗೆ ಮುಗಿಯುವ ತುಣುಕನ್ನು ರೇಣುಕಾ ಬಸ್ಸಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಕಳಿಸಿದಳು. ಆ ಹಳ್ಳಿಗೆ ಹೋಗಲಿಲ್ಲ, ಒಬ್ಬರನ್ನೂ ಕೇಳಲಿಲ್ಲ. 'ಮಕ್ಕಳಿಗೆ ವಿಷ ಉಣಿಸಿದಳೇ ಅಡುಗೆಯವಳು?' ಎಂದು ಪರದೆ ತುಂಬ ಬಂತು. ಕೊನೆಯಲ್ಲೊಂದು ಪ್ರಶ್ನೆ ಚಿಹ್ನೆ. ಸುದ್ದಿಯವರಿಗೆ ಅದೊಂದು ಕೊಡೆ. ಅದರ ಕೆಳಗೆ ನಿಂತರೆ ತಮ್ಮ ಮೇಲೆ ಒಂದು ಹನಿಯೂ ಬೀಳುವುದಿಲ್ಲ.

ಮಕ್ಕಳು ಎರಡು ದಿನದಲ್ಲಿ ಚೇತರಿಸಿಕೊಂಡರು. ಎಂಟು ದಿನಕ್ಕೆ ಪ್ರಯೋಗಾಲಯದ ವರದಿ ಬಂತು, ತಪ್ಪು ಟಾಕಿಯ ನೀರಿನದೇ. ಯಾವ ಚಾನೆಲ್ಲೂ ಅದನ್ನು ಹೇಳಲಿಲ್ಲ.

ವರದಿ ಓದಿದ ಮರುದಿನ ರೇಣುಕಾ ಆ ಹಳ್ಳಿಗೆ ಹೋದಳು. ಈ ಸಲ ನನ್ನ ತಂತಿಯನ್ನು ತನ್ನ ಫೋನಿಗೆ ಸೇರಿಸಿದಳು. ಗಿರಿಜವ್ವನ ಕೆಲಸ ಹೋಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಓಣಿಯ ಬಸುರಿಯರ ಕುಬಸಕ್ಕೆ, ಕೂಸುಗಳ ತೊಟ್ಟಿಲಿಗೆ ಅಡುಗೆ ಮಾಡುತ್ತಿದ್ದ ಆ ಕೈಯಿಂದ ಈಗ ಯಾರೂ ಒಂದು ಲೋಟ ಚಹಾ ಕೂಡ ಮುಟ್ಟುತ್ತಿರಲಿಲ್ಲ.

"ಆವತ್ತು ನಾ ಬಂದಿರ್ಲಿಲ್ಲವ್ವ. ಬರಲಾರ್ದನ ಸುದ್ದಿ ಕಳಿಸಿದೆ" ಎಂದಳು ರೇಣುಕಾ. "ನೀ ಈಗ ಹೇಳು, ಎಲ್ಲಾ ಹೇಳು."

"ಮಾತು ಆವತ್ತೂ ಹೇಳೀನಿ ತಂಗಿ" ಎಂದು ಗಿರಿಜವ್ವ ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ಮುಂದಿಟ್ಟಳು. "ಇದನ್ನ ಉಣ್ಣು. ನೀ ಉಣ್ಣೂದನ್ನ ಮಂದಿಗೆ ತೋರ್ಸು. ಅಷ್ಟ ಸಾಕು."

ರೇಣುಕಾ ಫೋನನ್ನು ಗೋಡೆಗೆ ಆನಿಸಿಟ್ಟು ಎರಡು ರೊಟ್ಟಿ ಉಂಡಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳು ಅಗಿಯುವ ಸದ್ದೂ, ಗಿರಿಜವ್ವ ಮೂಗು ಒರೆಸಿಕೊಂಡ ಸದ್ದೂ ನನ್ನೊಳಗೆ ಹಾದು ಹೋದವು.

"ಯಾವಾಗ ಬರ್ತೈತಿ?"

"ನಾಳಿ ಸಂಜಿ ಆರಕ್ಕ" ಎಂದಳು ರೇಣುಕಾ, ಬೆಂಗಳೂರನ್ನು ಕೇಳುವ ಮೊದಲೇ.

"ಮೇಡಂ, ನೀವು ಊಟ ಮಾಡೋದ್ರಲ್ಲಿ ಸುದ್ದಿ ಎಲ್ಲಿದೆ?" ಎಂದರು ಬೆಂಗಳೂರಿನ ಡೆಸ್ಕಿನವರು. "ಆ ಕೇಸ್ ಮುಗೀತು. ಅವರೇ ವಿಷ ಹಾಕಿದ್ರು ಅಂತ ನಾವೇನೂ ಹೇಳಿಲ್ವಲ್ಲ, ಪ್ರಶ್ನೆ ಕೇಳಿದ್ವಿ ಅಷ್ಟೇ."

ಮರುದಿನ ಸಂಜೆ ಆರಕ್ಕೆ ನಟಿಯೊಬ್ಬಳ ಮದುವೆಯ ಸುದ್ದಿ ಬಂತು. ರೇಣುಕಾ ಆ ಊಟವನ್ನು ತನ್ನ ಫೋನಿನಿಂದಲೇ ಊರಿಗೆಲ್ಲ ಹಂಚಲು ನೋಡಿದಳು. ಹಳೆಯ ತುಣುಕು ಲಕ್ಷ ಫೋನು ಸುತ್ತಿತ್ತು. ಇದನ್ನು ನೋಡಿದವರು ನಲವತ್ತು ಜನ.

ಅದರ ಮಾರನೆಯ ಬೆಳಿಗ್ಗೆ ಅವಳು ಮಗಳ ಜಡೆ ಹೆಣೆಯುತ್ತಿದ್ದಾಗ ಗಿರಿಜವ್ವನ ಫೋನ್ ಬಂತು. ಸ್ಪೀಕರಿಗೆ ಹಾಕಿದಳು.

"ತಂಗಿ, ನಿನ್ನಿ ಐದೂವರಿಗೆ ನಮ್ಮೂರಾಗ ಕರೆಂಟ್ ಹೋಗಿ ಎಂಟಕ್ಕ ಬಂತು. ಅದರಾಗ ಬಂದು ಹೋತೇನು?"

ರೇಣುಕಾಳ ಕೈ ನಿಂತಿತು. ಮಗಳು ತಿರುಗಿ ನೋಡಿದಳು.

"ಹೂಂ. ಬಂತವ್ವ."

"ಪೂರಾ ತೋರಿಸಿದ್ರೇನು? ಉಂಡಿದ್ದು?"

"ಪೂರಾ."

"ಹಂಗಾರ ಕರೆಂಟ್ ಇದ್ದ ಊರಾಗ ಮಂದಿ ನೋಡಿರ್ತಾರ, ಬಂದು ಹೇಳ್ತಾರ" ಎಂದಿತು ಆ ದನಿ. ಅಷ್ಟು ಹಗುರಾದ ದನಿಯನ್ನು ನಾನು ಕೇಳಿಯೇ ಇರಲಿಲ್ಲ. "ಈ ಐತವಾರ ಹುಗ್ಗಿ ಮಾಡಿ ಓಣಿ ಹುಡುಗರನ್ನೆಲ್ಲ ಉಣ್ಣಾಕ ಕರೀತೀನಿ. ನೀನೂ ಮಗಳನ್ನ ಕರ್ಕೊಂಡು ಬಾ."

ಭಾನುವಾರ ರೇಣುಕಾಳನ್ನು ಇನ್ನೊಂದು ಜಿಲ್ಲೆಯ ಸಮಾವೇಶಕ್ಕೆ ಕಳಿಸಿದರು. ಮುಂದೆ ಒಂದು ವರ್ಷದಲ್ಲಿ ಗದಗಿನ ಕಚೇರಿಯೇ ಮುಚ್ಚಿತು. ಕೆಂಪು ಡಬ್ಬಿಯನ್ನು ಕಳಚಿ ವಾಪಸ್ ಕಳಿಸಿ ಎಂದರು, ನನ್ನನ್ನು ಯಾರೂ ಕೇಳಲಿಲ್ಲ. ಈಗ ಅವಳ ಮನೆಯ ಕಪಾಟಿನಲ್ಲಿ, ಕೆಟ್ಟ ಚಾರ್ಜರುಗಳ ನಡುವೆ ಬರಿ ಕುತ್ತಿಗೆಯಲ್ಲಿ ಮಲಗಿದ್ದೇನೆ. ಇಷ್ಟು ವರ್ಷ ನನ್ನ ಮುಂದೆ ಎಷ್ಟೋ ಸುಳ್ಳುಗಳು ಗಟ್ಟಿ ದನಿಯಲ್ಲಿ ಹಾದುಹೋದವು. ಯಾವುದೂ ನನ್ನಲ್ಲಿ ನಿಂತಿಲ್ಲ. ಮಗಳ ಜಡೆ ಕೈಯಲ್ಲಿ ಹಿಡಿದು ಒಬ್ಬಳು ಮೆಲ್ಲಗೆ ಹೇಳಿದ್ದು ಮಾತ್ರ ನಿಂತಿದೆ.

ಆ ಭಾನುವಾರ ಗಿರಿಜವ್ವ ಎಷ್ಟು ತಾಟು ಹಾಕಿದಳೋ, ಎಷ್ಟು ಮಕ್ಕಳು ಬಂದು ಕೂತರೋ ನನಗೆ ತಿಳಿಯದು. ರೇಣುಕಾ ಫೋನ್ ಮಾಡಿ ಕೇಳಲಿಲ್ಲ. ಗಿರಿಜವ್ವನಿಂದಲೂ ಮತ್ತೆ ಫೋನ್ ಬರಲಿಲ್ಲ.