ಯಜಮಾನರ ಪ್ರೋಟೀನಿನ ಪೊಟರೆ

ನಮ್ಮ ಕಂಪ್ಯೂಟರ್ ಭಂಡಾರದಲ್ಲಿ ಜಗತ್ತಿನ ಪ್ರೋಟೀನುಗಳೆಲ್ಲ ತಮ್ಮ ಮೈಮಾಟ ಒಪ್ಪಿಸಿ ಕೂತಿವೆ, ಯಾವ ಪರಮಾಣು ಎಲ್ಲಿದೆ ಅನ್ನುವುದರ ಸಮೇತ. ತಂದೊಪ್ಪಿಸಿದವರು ವಿಜ್ಞಾನಿಗಳು, ಆದ್ದರಿಂದ ಎಲ್ಲವೂ ಸರಿಯೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆವು. ಈಗ ಭಂಡಾರವನ್ನು ಹೊಸದು ಮಾಡುವ ಉತ್ಸಾಹದಲ್ಲಿ ಹಳೆಯದನ್ನೆಲ್ಲ ತಪಾಸಣೆಯ ಪ್ರೋಗ್ರಾಮಿಗೆ ಹಾಕಿ, ಒಂದೊಂದರ ಪುಟಕ್ಕೂ ಬಣ್ಣದ ಪಟ್ಟಿ ಹಚ್ಚುತ್ತಿದ್ದೇವೆ. ನೀಲಿ ಬಂದರೆ ಭೇಷ್. ಕೆಂಪು ಬಂದರೆ ಎಲ್ಲರೆದುರು ಮಾನ ಹರಾಜು.

ಹಚ್ಚುವವಳು ನಾನು. ಬೈಸಿಕೊಳ್ಳುವವಳೂ ನಾನೇ. ಒಬ್ಬ ಮಹಾನುಭಾವರು ಫೋನು ಮಾಡಿ, ಕೆಂಪಿನ ಬದಲು ಗುಲಾಬಿ ಹಾಕಲು ಬರುತ್ತದೆಯೇ ಎಂದು ಕೇಳಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮರುದಿನ ನನ್ನ ಯಜಮಾನರ ಪ್ರೋಟೀನೇ ಕೆಂಪಾಗಿ ಬಂತು.

ಅದು ಅಂತಿಂಥ ಪ್ರೋಟೀನಲ್ಲ. ಅದರ ಪೊಟರೆಯೊಳಗೆ ಔಷಧದ ಕಣವೊಂದು ಕೂತಿದೆ ಎಂದು ತೋರಿಸಿಯೇ ಅವರು ಪ್ರೊಫೆಸರಾದದ್ದು. ಮನೆಗೆ ಬಂದ ನೆಂಟರಿಗೆಲ್ಲ ಆ ಚಿತ್ರದ ದರ್ಶನವಾಗಿದೆ. ಈಗ ಆ ಚಿತ್ರಕ್ಕೆ ಆಧಾರವಾದ ಅವರದೇ ಎಕ್ಸ್‌-ರೇ ನಕ್ಷೆಯನ್ನು ತೆಗೆದು ನೋಡಿದರೆ ಪೊಟರೆ ಖಾಲಿ.

ಮನೆಯಲ್ಲಿ ಹೇಳಿದೆ. ಮುಖ ಊದಿಸಿಕೊಂಡರು. ನಿನ್ನ ಪ್ರೋಗ್ರಾಮಿಗೆ ತಲೆ ಕೆಟ್ಟಿದೆ ಎಂದರು. ಊಟಕ್ಕೆ ಉಪ್ಪು ಕಮ್ಮಿ ಎಂದರು. ಕೊನೆಗೆ, ನನ್ನದನ್ನು ಎಲ್ಲಕ್ಕಿಂತ ಕಡೆಗೆ ಹಾಕು, ಅಷ್ಟರಲ್ಲಿ ನಿವೃತ್ತನಾಗಿರುತ್ತೇನೆ ಎಂದು ಗೋಗರೆದರು. ಆಗಲ್ಲ ಎಂದೆ. ಬೇರೆ ಲ್ಯಾಬಿನವರು ಆ ಪೊಟರೆಯನ್ನು ನಂಬಿ ಔಷಧ ಮಾಡಲು ಒದ್ದಾಡುತ್ತಿದ್ದಾರೆ, ಅವರ ಶ್ರಮವೆಲ್ಲ ಮಣ್ಣುಪಾಲಾಗುತ್ತಿದೆ ಎಂದೂ ಹೇಳಿದೆ.

ವಾರದ ಕೊನೆಗೆ ಯಜಮಾನರು ನನ್ನ ಆಫೀಸಿಗೇ ಬಂದು ಮೌಸ್ ಕಿತ್ತುಕೊಂಡರು. ನಕ್ಷೆಯಲ್ಲಿ ಎಷ್ಟು ಮಸುಕಾದದ್ದರವರೆಗೆ ತೋರಿಸಬೇಕು ಎಂಬುದಕ್ಕೊಂದು ಮಿತಿಯಿದೆ. ಅದನ್ನು ಇಳಿಸಿದರು, ಇನ್ನೂ ಇಳಿಸಿದರು. ಪೊಟರೆಯೊಳಗೆ ಏನೋ ಮೂಡಿತು. ಹೊರಗೂ ಮೂಡಿತು. ಕಡೆಗೆ ಪರದೆಯೆಲ್ಲ ಬೂಷ್ಟು ಹಿಡಿದ ಹಾಗಾಯಿತು.

"ಇಷ್ಟು ಇಳಿಸಿದ್ರೆ ನಿಮ್ಮಮ್ಮನೂ ಕಾಣಿಸ್ತಾರೆ ರೀ," ಎಂದೆ.

ಅವರು ನಗಲಿಲ್ಲ. ಮಿತಿಯನ್ನು ಮೊದಲಿದ್ದಲ್ಲಿಗೆ ತಂದು, ಖಾಲಿ ಪೊಟರೆಯನ್ನೇ ನೋಡುತ್ತ ಕೂತರು.

"ವಾಪಸ್ ತಗೋತೀನಿ ಕಣೇ," ಎಂದರು.

ಒಪ್ಪಿಸಿದವರು ವಾಪಸು ಪಡೆಯಬಹುದು. ಆದರೆ ನಮ್ಮಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಹಳೆಯ ಪುಟ ಹೆಸರಿನ ಸಮೇತ, ಕಾರಣದ ಸಮೇತ ಎಂದೆಂದಿಗೂ ಉಳಿಯುತ್ತದೆ. ಅದು ಅವರಿಗೂ ಗೊತ್ತಿತ್ತು.

"ಕಾರಣ ಏನಂತ ಬರೀಲಿ?" ಎಂದು ಕೇಳಿದರು.

ವಾರವಿಡೀ ಕಾಲೆಳೆದಿದ್ದ ನಾನು ಕೀಬೋರ್ಡನ್ನು ಅವರತ್ತ ಸರಿಸಿದೆ. ಅವರೇ ಟೈಪು ಮಾಡಿದರು: ಪೊಟರೆಯಲ್ಲಿ ಔಷಧವಿಲ್ಲ. ಇರಲಿ ಎಂದು ತುಂಬ ಆಸೆಪಟ್ಟಿದ್ದೆ.

ಆ ಜಾಗದಲ್ಲಿ ವಿಜ್ಞಾನ ಬಿಟ್ಟು ಬೇರೇನೂ ಇರಕೂಡದೆಂಬುದು ಭಂಡಾರದ ನಿಯಮ. ಎರಡನೆಯ ವಾಕ್ಯವನ್ನು ನಾನು ತೆಗೆಯಬೇಕಿತ್ತು. ತೆಗೆಯಲಿಲ್ಲ.