ಮಡಿಕೇರಿ ನೋಡಲು ಹೋದವರು

ಅಕ್ಕನ ಮಗಳಿಗೆ ಮಡಿಕೇರಿ ತೋರಿಸುತ್ತೇನೆಂದು ಅಣ್ಣು ಶೆಟ್ಟರು ಬಾಡಿಗೆ ಅಂಬಾಸಿಡರ್ ಗೊತ್ತುಮಾಡಿದಾಗ ಮಂಗಳೂರಿನ ಜೆಪ್ಪುವಿನ ನೆರೆಹೊರೆಯವರೆಲ್ಲ ಹುಬ್ಬೇರಿಸಿದರು. ಹಂಪನಕಟ್ಟೆಯ ತಮ್ಮ ಜವಳಿ ಅಂಗಡಿ ಬಿಟ್ಟರೆ ಲೋಕವೇ ಇಲ್ಲ ಎನ್ನುವ ಮನುಷ್ಯನಿಗೆ ಬೆಟ್ಟವೇನು, ಮಂಜೇನು! ಎಪ್ಪತ್ತೆಂಟರ ಡಿಸೆಂಬರ್ ಅದು. ನಿಜ ಸಂಗತಿ ಗೊತ್ತಿದ್ದದ್ದು ಶೆಟ್ಟರಿಗೆ ಮತ್ತು ಅವರ ಅಕ್ಕ ಗುಣವತಿಗೆ ಮಾತ್ರ.

ಗುಣವತಿಯ ಮಗಳು ಶಶಿಪ್ರಭಾಳ ಎಡಗಾಲು ಚಿಕ್ಕಂದಿನ ಪೋಲಿಯೋದಲ್ಲಿ ಸೊರಗಿತ್ತು. ಲಕ್ಷಣವಾದ ಮುಖ, ಬಾಯಿ ತುಂಬ ನಗು. ಆದರೆ ನೋಡಲು ಬಂದ ಗಂಡಿನವರು ಆ ಮುಖದವರೆಗೆ ತಲುಪಿದರೆ ತಾನೆ? ಅಡುಗೆಮನೆಯಿಂದ ಚಾವಡಿಗೆ ಅವಳು ಕಾಫಿ ಟ್ರೇ ಹಿಡಿದು ಬರುವಷ್ಟರಲ್ಲಿ ಅವರ ಕಣ್ಣು ನೆಲಕ್ಕಿಳಿದು, ಲೋಟ ಕೈಗೆ ಸಿಗುವ ಮೊದಲೇ ತೀರ್ಮಾನ ಆಗಿಹೋಗುತ್ತಿತ್ತು. ಹಾಳಾದ ಟ್ರೇ! ಮೂರನೆಯ ಸಲ ಹಾಗಾದಾಗ ಅವಳು ಲೋಟಗಳನ್ನೆಲ್ಲ ತೊಳೆದಿಟ್ಟು ಕೋಣೆಗೆ ಹೋದವಳು ಮರುದಿನವೂ ಮಾತಾಡಿರಲಿಲ್ಲ.

ಶೆಟ್ಟರು ಅದಕ್ಕೆಂದೇ ಈ ಉಪಾಯ ಹೂಡಿದ್ದರು. ಮೈಸೂರಿನಲ್ಲಿ ಹೋಟೆಲು ಇಟ್ಟುಕೊಂಡಿರುವ ನಮ್ಮ ಮಂಗಳೂರು ಕಡೆಯವರ ಮಗ ಚಿತ್ತರಂಜನ ತಂದೆತಾಯಿಯೊಂದಿಗೆ ಮಡಿಕೇರಿಗೆ ಬರುವುದು. ರಾಜಾಸೀಟಿನಲ್ಲಿ ಹುಡುಗಿ ಬೆಂಚಿನ ಮೇಲೆ ಕುಳಿತಿರುವುದನ್ನು ದೂರದಿಂದ ನೋಡುವುದು. ಒಪ್ಪಿಗೆಯಾದರೆ ಗುರುತಿಲ್ಲದವರ ಹಾಗೆ ಬಂದು ಮಾತಾಡಿಸುವುದು, ಇಲ್ಲದಿದ್ದರೆ ಸುಮ್ಮನೆ ಎದ್ದು ಹೋಗುವುದು. ಕಾಲಿನ ವಿಷಯವನ್ನು ಹುಡುಗನ ತಂದೆಗೆ ಶೆಟ್ಟರು ಹೇಳಿಯೇ ಇದ್ದರು. ಮೊದಲು ಮುಖ ನೋಡಲಿ, ಆಮೇಲೆ ಕಾಲು ಅಷ್ಟು ದೊಡ್ಡದಾಗಿ ಕಾಣಲಿಕ್ಕಿಲ್ಲ ಎಂಬುದು ಅವರ ಆಸೆ. ಆಗದೆ ಹೋದರೂ ಶಶಿಗೆ ಗೊತ್ತೇ ಆಗುವುದಿಲ್ಲವಲ್ಲ.

ಸಂಪಾಜೆ ಘಾಟಿ ಹತ್ತುವಾಗಲೇ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು. ಊರು ಕಂಡ ಮೇಲಂತೂ ಕೇಳುವುದೇ ಬೇಡ. ಇಳಿಜಾರಿಗೆ ಅಂಟಿಕೊಂಡ ಹಂಚಿನ ಮನೆಗಳ ನಡುವೆ ಮಂಜು ಕಂಡಕಂಡಲ್ಲಿ ನುಗ್ಗುತ್ತಿತ್ತು. ಕೋಟೆಯ ಕಲ್ಲಾನೆಯ ಸೊಂಡಿಲು ಸವರಿದಳು, ಓಂಕಾರೇಶ್ವರದ ಕೊಳದ ಮೀನುಗಳಿಗೆ ಮಂಡಕ್ಕಿ ಹಾಕಿದಳು, ಪೇಟೆಯಲ್ಲಿ ಸೆರಗು ತುಂಬ ಕಿತ್ತಳೆ ಕೊಂಡಳು. ಮಂಗಳೂರಿನಲ್ಲಿ ಗೋಡೆ ಬದಿಯಲ್ಲೇ ನಡೆಯುವ ಹುಡುಗಿ ಇಲ್ಲಿ ರಸ್ತೆಯ ನಡುವೆ ಕುಂಟುತ್ತ ಓಡಾಡುವುದನ್ನು ಕಂಡು ಶೆಟ್ಟರು ಕೈಗಡಿಯಾರ ನೋಡುವುದನ್ನೇ ಮರೆತರು.

“ಸಾಕು ಮಾರಾಯ್ತಿ, ಇನ್ನು ಕೂತ್ಕೊ,” ಎಂದು ರಾಜಾಸೀಟಿನ ಬೆಂಚಿನಲ್ಲಿ ಅವಳನ್ನು ಕೂರಿಸಿದರು. ಗುಣವತಿ ಮಗಳ ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದಳು. ಸ್ವಲ್ಪ ಹೊತ್ತಿನಲ್ಲಿ ಆಚೆಯ ಬೆಂಚಿಗೆ ಮೈಸೂರಿನವರು ಬಂದರು. ಕಣಿವೆಯ ಮಂಜು ಸರಿದು ಬಿಸಿಲು ಶಶಿಯ ಮುಖದ ಮೇಲೆ ಬಿದ್ದಿತು. ಹುಡುಗ ಕತ್ತು ತಿರುಗಿಸಿ ನೋಡಿದ, ಮತ್ತೆ ನೋಡಿದ. ಶೆಟ್ಟರಿಗೆ ಹೋದ ಜೀವ ಬಂದ ಹಾಗಾಯಿತು.

ಆಗ ಹುಡುಗನ ತಾಯಿ ಮಗನ ಕೈಯಲ್ಲಿದ್ದ ಶಾಲಿಗೆ ಕೈ ಚಾಚಿ ಗಟ್ಟಿಯಾಗಿ ಹೇಳಿದರು, “ಚಳಿ ಆಪುಂಡು, ಶಾಲ್ ಕೊರ್ಲ.”

ಶಶಿಯ ಕಿವಿ ನೆಟ್ಟಗಾಯಿತು. “ಮಾವ, ತುಳು! ನಮ್ಮವರು!”

“ಸುಮ್ಮನೆ ಕೂತ್ಕೊ. ಗುರುತು ಪರಿಚಯ ಇಲ್ಲದವರು.”

“ಎಂತ ಮಾವ, ಘಟ್ಟದ ಮೇಲೆ ಬಂದು ತುಳು ಮಾತಾಡ್ತಾರೆ, ಮತ್ತೆಂತ ಪರಿಚಯ ಬೇಕು?”

ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಇವತ್ತಿನ ನಗು ಅಲ್ಲಿಗೇ ಮುಗಿಯಿತು. ಕಿತ್ತಳೆ ಹಿಡಿದುಕೊಂಡು ಅವಳು ಹೊರಟೇ ಬಿಟ್ಟಳು. ಹುಲ್ಲಿನ ಇಳಿಜಾರು ಬೇರೆ, ಮೈ ಎಂದಿಗಿಂತ ಹೆಚ್ಚು ಒಂದು ಪಕ್ಕಕ್ಕೆ ಜೋಲುತ್ತಿತ್ತು. ಹುಡುಗನ ತಾಯಿಯ ಕಣ್ಣು ಅವಳ ಕಾಲಿನಿಂದ ಮೇಲಕ್ಕೆ ಏಳಲೇ ಇಲ್ಲ.

ಆದರೂ ಹುಡುಗ ಸರಿದು ಕೂತು ಜಾಗ ಕೊಟ್ಟ. ಅವಳ ಮಾತಿಗೆ ಗಟ್ಟಿಯಾಗಿ ನಕ್ಕ. ಕಿತ್ತಳೆ ಸುಲಿದು ಅರ್ಧ ಅವಳಿಗೇ ಕೊಟ್ಟ. ಶೆಟ್ಟರು ಅಕ್ಕನ ಕೈ ಹಿಡಿದುಕೊಂಡರು. ತಾಯಿ ಏನೋ ಕೇಳಿದರು. ಶಶಿ ತನ್ನ ಮೊಣಕಾಲು ತಟ್ಟಿ ಏನೋ ಹೇಳಿದಳು. ತಾಯಿ ಶಾಲು ಬಿಗಿಯಾಗಿ ಹೊದ್ದುಕೊಂಡು ಎದ್ದರು. ತಂದೆ ಒಮ್ಮೆ ಶೆಟ್ಟರತ್ತ ನೋಡಿ ತಲೆ ತಗ್ಗಿಸಿ ಎದ್ದರು. ಹುಡುಗ ಕುಳಿತೇ ಇದ್ದ. ತಾಯಿ ಹೆಸರು ಹಿಡಿದು ಕರೆದಾಗ ಅವನೂ ಎದ್ದ. ಬೆನ್ನು ಹತ್ತಿ ಹೋಗಿ ಆ ಹುಡುಗನ ರಟ್ಟೆ ಹಿಡಿದು ನಿಲ್ಲಿಸೋಣ, ಬಾಯಿ ಇಲ್ಲವೇನೋ ನಿನಗೆ ಎಂದು ಕೇಳೋಣ ಎನಿಸಿತು ಶೆಟ್ಟರಿಗೆ. ಶಶಿಯ ಕಣ್ಣೆದುರಿಗೆ ಹೇಗೆ ಕೇಳುವುದು? ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಶಶಿ ವಾಪಸು ಬಂದಳು. “ಎಷ್ಟು ಒಳ್ಳೆ ಜನ ಅಮ್ಮ! ಕಾಲಿಗೆ ಎಂತಾಯ್ತು ಅಂತ ಅವರೇ ಕೇಳಿದ್ರು, ಹೇಳಿದೆ. ಮಂಗ್ಳೂರಿಗೆ ಬಂದ್ರೆ ಮನೆಗೆ ಬನ್ನಿ ಅಂದಿದ್ದೇನೆ. ಅಮ್ಮ? ಮಾವ, ಅಮ್ಮನಿಗೆ ಎಂತಾಯ್ತು?”

ಗುಣವತಿ ಸೆರಗು ಬಾಯಿಗೊತ್ತಿ ಕಣಿವೆಯ ಕಡೆ ತಿರುಗಿದ್ದಳು.

“ಚಳಿ,” ಎಂದರು ಶೆಟ್ಟರು.

ಎಂಥ ದುರವಸ್ಥೆ ನೋಡಿ, ಪೆಟ್ಟು ಬಿದ್ದದ್ದೇ ಗೊತ್ತಿಲ್ಲದವಳನ್ನು ಏನೆಂದು ಸಂತೈಸುವುದು? ಅವಳು ಮಾವನ ಪಕ್ಕದಲ್ಲಿ ಕುಳಿತು ಕಾಲು ಚಾಚಿದಳು. ಸೀರೆ ಸರಿದದ್ದನ್ನು ಸರಿಪಡಿಸಿಕೊಳ್ಳಲೂ ಹೋಗಲಿಲ್ಲ.

“ಮಾವ, ನಾವು ಪ್ರತಿ ವರ್ಷ ಬರುವ. ಎಷ್ಟು ಆರಾಮ ಉಂಟು ಇಲ್ಲಿ,” ಎಂದಳು. “ನನ್ನನ್ನು ನೋಡ್ಲಿಕ್ಕೆ ಅಂತ ಬಂದವರು ಒಬ್ಬರೂ ಇಲ್ಲ.”